ಕಾರಿನ ಬಾಗಿಲಿಗೂ ಆಯ

ಗೆಳೆಯರೇ, ಬೆಳಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕೊಳ್ಳೇಗಾಲದ ನಮ್ಮ ಹಿತ್ತಲಲ್ಲಿ ಬ್ರಿಟಿಷರ ಕಾಲದ ಕಾರೊಂದಕ್ಕೆ ನಾನೇ ಹೊಸ ಬಾಡಿ ಕಟ್ಟುತ್ತಿರುವುದು ನಿಮಗೆ ಗೊತ್ತು. ಇವತ್ತು ಎಡಗಡೆ ಬಾಗಿಲು ಕೂರಿಸಬೇಕಿತ್ತು. ಹೊನ್ನೂರಿನ ಬಡಗಿ ಆಚಾರರು ಮಾಡಿ ತಂದ ಮರದ ಬಾಗಿಲು ಎರಡು ಬೆರಳು ಹೆಚ್ಚು ಅಗಲವಾಗಿತ್ತು.

"ನಾನು ಕೊಟ್ಟ ಅಳತೆ ಏನಾಯ್ತು?" ಎಂದೆ.

"ಅದ್ರಲ್ಲಿ ವಾಸ್ತು ಲೆಕ್ಕದ ಆಯ ಕೂಡ್ಲಿಲ್ಲ ಸಾ. ಅಂಥಾ ಬಾಗ್ಲಲ್ಲಿ ಓಡಾಡೋರ್ಗೆ ಏಳ್ಗೆ ಇಲ್ಲ. ಅದ್ಕೇ ಎರಡು ಬೆರಳು ಸೇರಿಸ್ದೆ."

"ಆಚಾರ್ರೇ, ಇದು ಮನೆ ಅಲ್ಲ, ಕಾರು."

"ಒಳೀಕೆ ಮನುಸ್ರು ತಾನೇ ಸಾ ಕೂರಾದು?"

ಕಾರಿನ ಸುತ್ತ ನಾಲ್ಕು ಸಲ ಸುತ್ತಿದೆ. ಅಷ್ಟರಲ್ಲಿ ಅವ್ವ ಬಂದು, "ಆಚಾರ್ರು ಯೋಳದೇ ಸರಿ ಕಣ್ಲಾ, ಚೌಕಟ್ಟು ಅಗಲ ಮಾಡು" ಎಂದಳು. ಅದಕ್ಕೆ ಹಿಂದಿನ ಮಡ್‌ಗಾರ್ಡ್ ಕತ್ತರಿಸಬೇಕು. ತಿಂಗಳುಗಟ್ಟಲೆ ಬಡಿದು ಬಗ್ಗಿಸಿದ ಮಡ್‌ಗಾರ್ಡ್. ಮಧ್ಯಾಹ್ನ ಕತ್ತರಿಸಿದೆ.

ಹೊರಡುವಾಗ ಆಚಾರರು ಇನ್ನೊಂದು ಮಾತು ಹೇಳಿದರು: "ಇದು ತಲೆಬಾಗ್ಲು ಸಾ. ಯಾವಾಗ್ಲೂ ಮೂಡ್ಲು ನೋಡ್ತಿರ್ಬೇಕು."

ಎಡಬಾಗಿಲು ಮೂಡಲು ನೋಡಬೇಕಾದರೆ ಕಾರು ತೆಂಕಲಿಗೇ ಓಡಬೇಕು. ಯಳಂದೂರಿಗೆ ಸಲೀಸಾಗಿ ಹೋಗಬಹುದು. ವಾಪಸ್ಸು ಮಾತ್ರ ರಿವರ್ಸ್ ಗೇರಿನಲ್ಲೇ ಬರಬೇಕು.