ತಮ್ಮನಿಗಾಗಿ ಹೇಳಿದ ಸುಳ್ಳುಗಳು

ನನ್ನ ತಮ್ಮ ಮೊದಲ ಸಲ ಬಿಯರ್ ಕುಡಿದದ್ದು ಹದಿನೈದನೇ ವಯಸ್ಸಿನಲ್ಲಿ, ಅದೂ ಅಪ್ಪನ ಎದುರಿಗೇ.

ತೊಂಬತ್ತರ ದಶಕದ ನಡುವಿನ ಮಾತು. ಕಾಫಿ ಕೊಳ್ಳುವ ಇಟಲಿಯವರೊಬ್ಬರು ಹೆಂಡತಿ, ಮಗಳ ಜೊತೆ ಮಲ್ಲಂದೂರಿನ ನಮ್ಮ ತೋಟದಲ್ಲಿ ಎರಡು ದಿನ ಉಳಿದಿದ್ದರು. ಮಗಳಿಗೆ ಹದಿನಾರು, ನನಗಿಂತ ಎರಡು ವರ್ಷ ಚಿಕ್ಕವಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಪ್ಪ ತಾವು ತಂದಿದ್ದ ವೈನನ್ನು ಅವಳಿಗೂ ಒಂದಿಷ್ಟು ಸುರಿದರು. ಕೋಳಿಸಾರು ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದು ಹಾಗೇ ನಿಂತಳು. ಅಪ್ಪನಿಗೆ ಮಾತ್ರ ಖುಷಿ. "ನೋಡು, ಅವರ ದೇಶದಲ್ಲಿ ಮಕ್ಕಳು ಅಪ್ಪ-ಅಮ್ಮನ ಜೊತೇಲೇ ಕುಡೀತಾರೆ. ನಮ್ಮವರ ಹಾಗೆ ಕದ್ದು ಕುಡಿಯೋದಿಲ್ಲ" ಎಂದು ತಮ್ಮನ ಮುಂದೆ ಬಿಯರ್ ಲೋಟ ಇಟ್ಟರು.

ಆ ಹುಡುಗಿ ಅರ್ಧ ಕುಡಿದು, ಉಳಿದದ್ದನ್ನು ಬಿಟ್ಟು ನಾಯಿಮರಿ ನೋಡಲು ಎದ್ದುಹೋದಳು. ತಮ್ಮ ಪೂರ್ತಿ ಖಾಲಿ ಮಾಡಿ ಅಪ್ಪನ ಮುಖ ನೋಡಿದ. ಅಪ್ಪ ನಕ್ಕರು.

ಸಂಜೆ ತೋಟ ಸುತ್ತುವಾಗ ಅವಳನ್ನು ಕೇಳಿದೆ, ನಿಮ್ಮಲ್ಲಿ ಯಾರೂ ಹೆಚ್ಚು ಕುಡಿಯೋದೇ ಇಲ್ಲವಾ ಅಂತ. "ಕುಡೀತಾರೆ. ನಾನೂ ಒಂದು ಸಲ ಕುಡಿದಿದ್ದೆ. ಮರುದಿನ ಅಪ್ಪ ಎದುರಿಗೆ ಕೂರಿಸಿಕೊಂಡು ಏನಾಯ್ತು ಅಂತ ಕೇಳಿದ್ರು. ಬೈದಿದ್ರೇ ವಾಸಿಯಿತ್ತು" ಎಂದಳು.

ನಮ್ಮಲ್ಲಿ ಹಾಗೆ ಯಾರೂ ಕೇಳುತ್ತಿರಲಿಲ್ಲ. ಗಂಡಸರು ಕ್ಲಬ್ಬಿನಲ್ಲೋ, ಮದುವೆ ಮನೆಯ ಹಿಂದಿನ ಶೆಡ್ಡಿನಲ್ಲೋ ಕುಡಿದು ಬಂದು ಊಟಕ್ಕೆ ಕೂರುತ್ತಿದ್ದರು. ಹೆಂಗಸರು ನಾವು ನಮಗೆ ಮೂಗೇ ಇಲ್ಲವೇನೋ ಅನ್ನುವಂತೆ ಬಡಿಸುತ್ತಿದ್ದೆವು. ಆ ಶೆಡ್ಡಿಗೆ ಯಾವಾಗ ಕರೆಯುತ್ತಾರೆಂದು ಹುಡುಗರು ಕಾಯುತ್ತಿದ್ದರು.

ತಮ್ಮ ಕಾಯಲಿಲ್ಲ. ಪಿಯುಸಿಗೆ ಸೇರಿದ ಮೇಲೆ ಭಾನುವಾರಗಳಲ್ಲಿ ಗೆಳೆಯರ ಜೊತೆ ಜೀಪಿನಲ್ಲಿ ಕುದುರೆಮುಖದ ಕಡೆ ಹೋಗುತ್ತಿದ್ದ. ಒಂದು ದಿನ ಗೋಡೌನಿನಲ್ಲಿ, ಕಾಫಿ ಮೂಟೆಗಳ ಸಂದಿಯಲ್ಲಿ ನನಗೆ ರಮ್ ಬಾಟಲಿ ಸಿಕ್ಕಿತು.

"ಅಕ್ಕ, ಅಪ್ಪಂಗೆ ಹೇಳ್ಬೇಡ ಮಾರಾಯ್ತಿ. ಅವ್ರು ಆವತ್ತು ಬಿಯರ್ ಕೊಟ್ಟದ್ದು ಅತಿಥಿಗಳ ಎದುರಿಗೆ ಅಂತ, ಅಷ್ಟೇ. ಇದೇ ಕೊನೆ."

ನಾನೇ ಅದನ್ನು ಚೆಲ್ಲಿ, ಬಾಟಲಿಯನ್ನು ತೋಟದಲ್ಲಿ ಹೂತುಬಂದೆ. ಆಮೇಲೆ ಸುಳ್ಳು ಸಲೀಸಾಯಿತು. ಅವನಿಗೆ ತಲೆನೋವು, ಘಾಟಿಯಲ್ಲಿ ವಾಂತಿಯಾಯಿತು, ಗೆಳೆಯನ ಮನೆಯಲ್ಲಿ ಓದುತ್ತಿದ್ದಾನೆ. ಅವನ ಗುಟ್ಟು ನನ್ನೊಬ್ಬಳಿಗೇ ಗೊತ್ತು ಅನ್ನುವುದು ಆಗ ನನಗೆ ಹೆಮ್ಮೆಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಎರಡನೇ ಪಿಯುಸಿಯ ಫಿಸಿಕ್ಸ್ ಪರೀಕ್ಷೆಯ ದಿನ ಬೆಳಿಗ್ಗೆ ಅವನಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಹೋಟೆಲ್ ತಿಂಡಿ ಆಗಿಬಂದಿಲ್ಲ ಎಂದೆ. ಅಪ್ಪ ತಮ್ಮ ಸ್ನೇಹಿತರಾದ ಡಾಕ್ಟರನ್ನು ಕರೆಸಿದರು. ಅವರು ಹಾಸಿಗೆಯ ಹತ್ತಿರ ಬಗ್ಗಿದರು, ಒಂದು ಕ್ಷಣ ನನ್ನನ್ನು ನೋಡಿದರು, ಹೊಟ್ಟೆನೋವಿಗೆ ಮಾತ್ರೆ ಬರೆದುಕೊಟ್ಟು ಹೊರಟರು. ಅಮ್ಮ ಯಾರೂ ಹೇಳದೆ ನಿಂಬೆ ಶರಬತ್ತು ತಂದಳು. ಆ ಕೋಣೆಯಲ್ಲಿ ಅಪ್ಪನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬಹುಶಃ ಅಪ್ಪನಿಗೂ.

ಆ ಪರೀಕ್ಷೆಯನ್ನು ಅವನು ಮತ್ತೆ ಬರೆಯಲಿಲ್ಲ. ನಾನು ಮದುವೆಯಾಗಿ ಕಳಸಕ್ಕೆ ಹೋದೆ. ಇಪ್ಪತ್ತಾರಕ್ಕೇ ಅವನ ಲಿವರ್ ಕೆಟ್ಟು ಮಂಗಳೂರಿನ ಆಸ್ಪತ್ರೆ ಸೇರಿದ. ಹಳದಿಗಟ್ಟಿದ ಕಣ್ಣು ನೋಡಿ ನಾನು ಅತ್ತುಬಿಟ್ಟೆ. "ಎಲ್ಲ ನನ್ನಿಂದಲೇ ಆಯ್ತು ಕಣೋ."

"ನಿನ್ನಿಂದ ಅಲ್ಲ ಅಕ್ಕ, ಕುಡಿದದ್ದು ನಾನು" ಎಂದ. "ಆದ್ರೆ ಆವತ್ತು ಗೋಡೌನಲ್ಲಿ ಬಾಟ್ಲಿ ಸಿಕ್ಕಾಗ್ಲೇ ನೀನು ಅಪ್ಪಂಗೆ ಹೇಳಿಬಿಟ್ಟಿದ್ರೆ ಏನಾಗ್ತಿತ್ತು? ನಾನು ಒಂದು ತಿಂಗಳು ನಿನ್ನ ಹತ್ರ ಮಾತು ಬಿಡ್ತಿದ್ದೆ. ಅಷ್ಟೇ ತಾನೇ?" ಎಂದು ಕೇಳಿದ.

ಅವನು ಬದುಕಿದ, ಕುಡಿತವನ್ನೂ ಬಿಟ್ಟ. ಈಗ ಮೂಡಿಗೆರೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದಾನೆ. ನೆಂಟರ ಮದುವೆಗಳಿಗೆ ಧಾರೆಯ ಹೊತ್ತಿಗೆ ಬಂದು, ಅಕ್ಷತೆ ಹಾಕಿ, ಹಿಂದಿನ ಶೆಡ್ಡಿನ ಕಡೆ ತಿರುಗಿಯೂ ನೋಡದೆ, ಊಟಕ್ಕೂ ನಿಲ್ಲದೆ ಹೊರಡುತ್ತಾನೆ. ಯಾಕಿಷ್ಟು ಅವಸರ ಅಂತ ಅವನನ್ನು ಯಾರೂ ಕೇಳುವುದಿಲ್ಲ.