ಅಮ್ಮನ ಗದ್ದದ ಜೋಮು

ಮೀನು ಮಾರುವವರ ಮನೆಯಲ್ಲಿ ಜೋಮು ಹಿಡಿಯುವುದನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಬೆಳಗಾದರೆ ಐಸಿನ ಪೆಟ್ಟಿಗೆಗೆ ಕೈ ಹಾಕುವ ಹೆಂಗಸರಿಗೆ ಬೆರಳ ತುದಿ ಇದೆಯೋ ಇಲ್ಲವೋ ಗೊತ್ತಾಗುವುದು ಬಿಸಿಲೇರಿದ ಮೇಲೆಯೇ. ಬೀಜಾಡಿಯ ನಮ್ಮ ಮನೆಯಲ್ಲಿ ಅಮ್ಮನೂ ನಾನೂ ಅಂಥವರೇ. ಅಮ್ಮನ ಕೆಳದುಟಿಯ ಒಳಗೆ, ಎಲೆಅಡಿಕೆಯ ಉಂಡೆ ಒತ್ತಿಟ್ಟುಕೊಳ್ಳುವ ಜಾಗದಲ್ಲೇ, ಕ್ಯಾನ್ಸರಿನ ಹುಣ್ಣಾಗಿ ಆಪರೇಷನ್ ಮಾಡಿಸಿದೆವು. ಆಮೇಲೆ ಉರಿಯೆಂದು ಅವಳು ಮೀನಿನ ಪೆಟ್ಟಿಗೆಯ ಐಸನ್ನೇ ಒಡೆದು, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ಗದ್ದಕ್ಕೆ ಹಿಡಿದುಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು.

ಆಪರೇಷನ್ನಿಗೆ ಕರೆದೊಯ್ದವಳು ನಾನು. ಗಂಜಿ ನುಣ್ಣಗೆ ಅರೆದು ಕುಡಿಸಿದವಳು ನಾನು. ತಪಾಸಣೆಗೆಂದು ಬಸ್ಸಿನಲ್ಲಿ ಬ್ರಹ್ಮಾವರ ದಾಟಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದವಳೂ ನಾನೇ. ದಾರಿಯುದ್ದಕ್ಕೂ ಅಮ್ಮನ ಬಾಯಲ್ಲಿ ಮಾತ್ರ ತಂಗಿಯ ಸುದ್ದಿ. ತಂಗಿಯನ್ನು ಶಿರೂರಿಗೆ ಕೊಟ್ಟಿದ್ದೆವು. ಗಂಡನ ಜೊತೆ ಮುಂಬಯಿ ಸೇರಿದ್ದಳು. ಮೊಬೈಲು ಹೊಸದಾಗಿ ಬಂದ ಕಾಲ. ಅವಳ ಫೋನು ಬಂದರೆ ಅಮ್ಮ, ಒಳಗೆ ಸಿಗ್ನಲ್ ಇಲ್ಲವೆಂದು ಅಂಗಳ ದಾಟಿ ಬಾವಿಕಟ್ಟೆಗೆ ಹೋಗಿ ಕೂರುವಳು. ಅದೇ ಫೋನಿನಲ್ಲಿ ನಾನು ಅಡುಗೆಮನೆಯಲ್ಲೇ ನಿಂತು ಮಾತಾಡುತ್ತಿದ್ದೆ. ಸಿಗ್ನಲ್ಲಿನ ಕತೆ ನನಗೆ ಗೊತ್ತಿಲ್ಲವೇ?

ಒಂದು ದಿನ ತಂಗಿ ಯಾರಿಗೂ ಹೇಳದೆ ಕುಂದಾಪುರದಲ್ಲಿ ರೈಲಿಳಿದು ಬಂದಳು. ಮರುದಿನ ತಪಾಸಣೆಗೆ ತಾನೂ ಹೊರಟಳು. ಡಾಕ್ಟರು ಎಂದಿನಂತೆ ನನ್ನನ್ನು ನೋಡಿ, "ಹೇಗಿದ್ದಾರೆ?" ಎಂದರು. ಊಟ, ನಿದ್ದೆ ಎಲ್ಲ ಸರಿಯಾಗಿದೆ ಎಂದು ನಾನು ಒಪ್ಪಿಸುತ್ತಿರುವಾಗಲೇ ತಂಗಿ ನಡುವೆ ಬಾಯಿ ಹಾಕಿದಳು.

"ಅಮ್ಮನ ಗದ್ದ ಜೋಂ ಹಿಡ್ದಿತ್ತ್ ಡಾಕ್ಟ್ರೇ. ಎಡಬದಿ ಮುಟ್ರೂ ಗೊತ್ತಾತಿಲ್ಲಂಬ್ರ್. ನಂಗ್ ಫೋನಲ್ ಹೇಳಿರ್."

"ಅದ್ ಐಸ್ ಹಿಡ್ಕಂಡ್ ಕೂಕಂಬುದ್ಕೆ," ಎಂದೆ ನಾನು.

ಡಾಕ್ಟರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತಿ ಎಳೆದು ತೆಳ್ಳಗೆ ಮಾಡಿ, ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಗದ್ದದ ಮೇಲೆ ಸವರಿದರು. ಬಲಬದಿಗೆ ಅಮ್ಮ "ಹ್ಞಾಂ" ಎಂದಳು. ಎಡಬದಿಗೆ ಸುಮ್ಮನೆ ಕೂತಿದ್ದಳು, ಇನ್ನೂ ಮುಟ್ಟಲಿಲ್ಲವೇನೋ ಎಂಬಂತೆ. ಡಾಕ್ಟರು ತಂಗಿಯ ಕಡೆ ತಿರುಗಿ, "ನೀವು ಹೇಳಿದ್ದು ಒಳ್ಳೆಯದಾಯಿತು," ಎಂದರು. ಅಷ್ಟು ದಿನ ಆ ಮೆಟ್ಟಿಲು ಹತ್ತಿಳಿದ ನನಗೆ ಅಂಥದ್ದೊಂದು ಮಾತು ಅವರಿಂದ ಸಿಕ್ಕಿರಲಿಲ್ಲ.

ಹಿಂದಿನ ಸ್ಕ್ಯಾನಿನಲ್ಲಿ ಗಡ್ಡೆ ಇರಲಿಲ್ಲವಲ್ಲ ಎಂದೆ. ಗಡ್ಡೆ ಇಲ್ಲದಿದ್ದರೂ ರೋಗ ನರದ ಗುಂಟ ಒಳಗೊಳಗೇ ಹೋಗಬಹುದು, ಜೋಮೇ ಅದರ ಗುರುತಾಗಿರಬಹುದು, ಈ ಸಲ ಎಂಆರ್‌ಐ ಮಾಡಿ ನರವನ್ನೇ ನೋಡಬೇಕು ಎಂದರು.

ಎಂಆರ್‌ಐ ಕೋಣೆಗೆ ಲೋಹದ ವಸ್ತು ಏನೂ ಒಯ್ಯುವಂತಿಲ್ಲ. ಅಮ್ಮ ಮೂಗುತಿ ತಿರುಪಿ ತೆಗೆದಳು, ಬೆಂಡೋಲೆ ತೆಗೆದಳು, ಬಳೆ ಜಾರಿಸಿದಳು. ಎಲ್ಲವೂ ತಂಗಿಯ ಅಂಗೈಗೆ ಹೋಯಿತು. ನನ್ನ ಕೈಗೆ ಬಂದದ್ದು ಚಪ್ಪಲಿ. ಅದನ್ನು ಹಿಡಿದುಕೊಂಡು ನಾನು ಬೆಂಚಿನ ಈ ತುದಿ, ತಂಗಿ ಆ ತುದಿ. ಗೋಡೆಯಾಚೆ ಯಂತ್ರ ಗಡಗಡ ಬಡಿದುಕೊಳ್ಳುತ್ತಿತ್ತು. ಅಮ್ಮನಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡೆ. ತಂಗಿ ಹೇಳಿದ್ದು ಸುಳ್ಳಾಗಲಿ ಎಂದೂ ಬೇಡಿಕೊಂಡೆ. ಎರಡೂ ಒಂದೇ ಬೇಡಿಕೆಯಾಗಿದ್ದರಿಂದ ನನಗೇನೂ ತೊಂದರೆಯಾಗಲಿಲ್ಲ.

ಸ್ಕ್ಯಾನ್ ಓದುವ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಪರದೆಯ ಮೇಲೆ ಅಮ್ಮನ ಮುಖ, ಕಪ್ಪು ಬಿಳುಪಿನಲ್ಲಿ, ಯಾರದ್ದೋ ಎನ್ನುವಂತೆ. "ಎರಡೂ ಬದಿ ಹೋಲಿಸಿ ನೋಡಿ," ಎಂದರು. ಬಲಬದಿಯ ನರ ನೂಲಿನಂತೆ ಸಣ್ಣಗಿತ್ತು. ಎಡಬದಿಯದ್ದು ಸ್ಕ್ಯಾನಿಗೆಂದು ಕೊಟ್ಟ ಇಂಜೆಕ್ಷನ್ನಿನ ಮದ್ದು ಹೀರಿ, ದಪ್ಪಗಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಗದ್ದದಿಂದ ದವಡೆಯ ಎಲುಬಿನೊಳಗೆ ಹೊಕ್ಕು, ಕಿವಿಯ ಮುಂದಕ್ಕೆ ಏರಿ, ತಲೆಬುರುಡೆಯ ತಳದಲ್ಲಿರುವ ಒಂದು ಸಣ್ಣ ತೂತಿನ ಕೆಳಗೆ ಬಂದು ನಿಂತಿತ್ತು. ಆ ತೂತು ದಾಟಿದರೆ ಮಿದುಳಿನ ನೆರೆ, ಕಣ್ಣು ತಿರುಗಿಸುವ ನರಗಳೂ ಅಲ್ಲೇ. "ಇನ್ನೂ ದಾಟಿಲ್ಲ. ಈ ದಾರಿಯುದ್ದಕ್ಕೂ ವಿಕಿರಣ ಕೊಡೋಣ," ಎಂದರು. ತಂಗಿ ಅತ್ತಳು. ಅವರು ಅವಳನ್ನೇ ಸಮಾಧಾನ ಮಾಡಿದರು.

ವಿಕಿರಣ ಮುಗಿಯುವವರೆಗೆ ಅವಳಿಗೆ ನಿಲ್ಲಲಾಗಲಿಲ್ಲ, ಮುಂಬಯಿಗೆ ಹೋದಳು. ದಿನದಿನದ ಬಸ್ಸು, ಸುಟ್ಟ ಬಾಯಿ, ಹಿಡಿಸದ ಗಂಜಿ ನನ್ನ ಪಾಲಿಗೆ. ಆದರೂ ಊರಲ್ಲಿ ಕಂಡವರೆಲ್ಲ, "ಸಣ್ಣವ್ಳ್ ಬಂದದ್ಕೆ ನಿಮ್ಮಮ್ಮ ಉಳ್ಕಂಡ್ರ್ ಅಲ್ದಾ," ಎನ್ನುವವರೇ. ಹೌದೆಂದು ನಗುತ್ತಿದ್ದೆ. ಎಲ್ಲ ಮುಗಿದ ಮೇಲೆ, ಒಂದು ಮಧ್ಯಾಹ್ನ ಗಂಜಿಯ ತಟ್ಟೆ ಮುಂದಿಟ್ಟು ಕೇಳಿಯೇಬಿಟ್ಟೆ.

"ನಾ ಇಲ್ಲೇ ಇದ್ನಲೆ. ಅವ್ಳಿಗ್ ಎಂತಕ್ ಹೇಳ್ದೆ?"

ಅಮ್ಮ ಗಂಜಿ ಕಲಸಿದಳು. "ಅವ್ಳಿಗ್ ಹೇಳಿರೆ ಅವ್ಳ್ ಅಲ್ ಕೂಕಂಡ್ ಕಣ್ಣೀರ್ ಹಾಕಿ ಮರ್ಕುತ್ಲ್, ನಂಗ್ ಕಾಂತಿಲ್ಲ. ನಿಂಗ್ ಹೇಳಿರೆ ನೀ ದಿನಾ ಉಂಬ ಹೊತ್ತಿಗೆ ನನ್ ಮೊಖ ಕಾಂತೆ ಮಗಾ. ನಂಗ್ ಗಂಜಿ ಇಳೂದಿಲ್ಲ."

ಬೇರೆ ಯಾರಾದರೂ ಇದನ್ನು ಪ್ರೀತಿ ಎನ್ನುತ್ತಿದ್ದರು. ಪ್ರೀತಿಯೇ ಇರಬಹುದು. ನನಗೆ ಮಾತ್ರ ಅವಳು ತಂಗಿಯ ಜೊತೆ ಹಂಚಿಕೊಂಡ ಆ ಹೆದರಿಕೆಯೇ ಬೇಕಿತ್ತು. "ಇನ್ ಎಂತ ಆರೂ ಮೊದ್ಲ್ ನಂಗ್ ಹೇಳ್ಕ್," ಎಂದೆ. "ಹೇಳ್ತೆ," ಎಂದಳು ಅಮ್ಮ. ಆಣೆ ಹಾಕಿಸಿಕೊಳ್ಳಲಿಲ್ಲ, ಅವಳ ಮಾತು ಸಾಕೆನಿಸಿತು.

ಮಾರನೆಯ ಮಳೆಗಾಲ ಅಂಗಳದ ತೆಂಗಿನಮರ ಅಮ್ಮನ ಕಣ್ಣಿಗೆ ಎರಡಾಗಿ ಕಾಣತೊಡಗಿತು. ಆ ಮಾತು ನನಗೆ ತಿಳಿದದ್ದು ಮುಂಬಯಿಯ ಫೋನಿನಿಂದ.