ಅಂಚಿನಲ್ಲಿ ಅರುವತ್ತು ಜಿಎಸ್‌ಎಂ

೧೯೯೪ರಲ್ಲಿ ನಾನು ಸೇಲಂ ಹೊರವಲಯದ ಸಣ್ಣ ಕಾಗದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಕಂಟ್ರೋಲ್ ವಿಭಾಗದ ಮುಖ್ಯಸ್ಥನಾಗಿದ್ದೆ. ಆ ವರ್ಷ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅರ್ಧ ಸಿಟ್ಟು ಮ್ಯಾನೇಜರ್ ಮೇಲೆ, ಅರ್ಧ ನನ್ನ ಮೇಲೆ.

ನೋಟ್‌ಬುಕ್ ಮಾಡುವವರು ನಮ್ಮ ರೀಲುಗಳನ್ನು ವಾಪಸು ಕಳಿಸತೊಡಗಿದ್ದರು. ಹಾಳೆ ಒಂದೇ ಸಮ ಇಲ್ಲ, ಸುಕ್ಕುಗಟ್ಟುತ್ತದೆ ಎಂಬ ದೂರು. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಜಿಎಸ್‌ಎಂ. ನಮ್ಮದು ಅರುವತ್ತಿರಬೇಕು. ನನ್ನ ಲ್ಯಾಬ್ ಪುಸ್ತಕದಲ್ಲಿ ಪ್ರತಿ ಪಾಳಿಯಲ್ಲೂ ಅರುವತ್ತೇ ಇತ್ತು. ಅದನ್ನು ಹಿಡಿದುಕೊಂಡು ಮ್ಯಾನೇಜರ್, ಲ್ಯಾಬಿನವರು ಅತ್ತ ಹೋದೊಡನೆ ಯಂತ್ರದ ಆಪರೇಟರ್ ಚೌಡಣ್ಣ ಹಾಳೆಯ ದಪ್ಪ ಹೊಂದಿಸುವ ಸ್ಕ್ರೂ ತಿರುವುತ್ತಾನೆ ಎಂದು ತೀರ್ಮಾನಿಸಿಬಿಟ್ಟರು.

ಚೌಡಣ್ಣ ಎಡಪ್ಪಾಡಿಯ ಕನ್ನಡ ನೇಕಾರರ ಮನೆಯವರು. ಬಟ್ಟೆ ಮುಟ್ಟಿ ಬೆಳೆದ ಬೆರಳು. ಅವರು ನನಗೆ ನೇರವಾಗಿಯೇ ಹೇಳಿದ್ದರು: "ನಡೂಕೆ ದಪ್ಪ ಐತೆ ಸಾರ್. ನೀವು ಓರದಾಗೇ ಕತ್ತರಿಸ್ಕೊಂಡೋಗ್ತೀರ."

ನಿಜವೇ. ತೂಕ ನೋಡುವ ಮಾದರಿಯನ್ನು ನಾವು ರೀಲಿನ ಅಂಚಿನಲ್ಲೇ ಕತ್ತರಿಸುತ್ತಿದ್ದೆವು. ನಡುವೆ ಕತ್ತರಿಸಿದರೆ ರೀಲು ಹಾಳಾಗುತ್ತದೆಂದು ಮ್ಯಾನೇಜರ್ ಬಿಡುತ್ತಿರಲಿಲ್ಲ. ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಚೌಡಣ್ಣ, ರದ್ದಿಗೆ ಹಾಕಿದ್ದ ಹಾಳೆಯಿಂದ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಪಟ್ಟಿ ತೆಗೆದು, ಸಮನಾದ ತುಂಡು ಮಾಡಿ, ಸೇಲಂನಲ್ಲಿ ಬೆಳ್ಳಿ ಕಾಲುಗೆಜ್ಜೆ ಮಾಡುವ ತಮ್ಮ ಭಾವನ ತಕ್ಕಡಿಯಲ್ಲಿ ತೂಗಿಸಿದರು. ನಡುವಿನ ತುಂಡುಗಳೇ ಭಾರ. ಆ ತೂಕಗಳನ್ನು ಬರೆದ ಚೀಟಿ ತಂದು ಮೇಜಿನ ಮೇಲಿಟ್ಟರೆ, ಮ್ಯಾನೇಜರ್ ಅದನ್ನು ಓದಲೂ ಇಲ್ಲ. ಕಾರ್ಖಾನೆಯ ಮಾಲು ಹೊರಗೆ ಸಾಗಿಸಿದ ಕಳ್ಳನೆಂದು ನಿಂತ ಕಾಲಲ್ಲೇ ಕೆಲಸದಿಂದ ತೆಗೆದರು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಮರುದಿನ ಯಾರನ್ನೂ ಕೇಳದೆ ನಾನೇ ನಡುವೆ ಕತ್ತರಿಸಿದೆ. ಅರುವತ್ತೇಳು. ಹೆಡ್‌ಬಾಕ್ಸ್ ಎಂಬ ಪೆಟ್ಟಿಗೆಯ ಸೀಳಿನಿಂದ ಕಾಗದದ ತಿಳಿ ತಿರುಳು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಆ ಸೀಳಿನ ತುಟಿ ನಡುವೆ ಸವೆದು, ಅಲ್ಲಿ ತಿರುಳು ಹೆಚ್ಚು ಬೀಳುತ್ತಿತ್ತು. ಬದಲಿಸಿದೆವು, ಹಾಳೆ ಸಮವಾಯಿತು, ದೂರುಗಳು ನಿಂತವು. ಚೌಡಣ್ಣನನ್ನು ವಾಪಸು ಕರೆಸಿ ಎಂದು ಕೇಳಿದರೆ, ಕಾಗದದ ವಿಷಯ ಬೇರೆ, ಕಳ್ಳತನದ ವಿಷಯ ಬೇರೆ ಎಂಬ ಉತ್ತರ ಬಂತು. ಹೆಡ್ ಆಫೀಸಿಗೆ ಹೋದ ವರದಿಯಲ್ಲಿ ದೋಷ ಕಂಡುಹಿಡಿದವನೆಂದು ನನ್ನ ಹೆಸರಿತ್ತು. ನಾಚಿಕೆಯಿಲ್ಲದೆ ಸಹಿ ಹಾಕಿದೆ.

ಕ್ಷಮೆ ಕೇಳಲು ಎಡಪ್ಪಾಡಿಗೆ ಹೋದೆ. ಚೌಡಣ್ಣ ಮತ್ತೆ ಮಗ್ಗದ ಗುಂಡಿಗೆ ಇಳಿದಿದ್ದರು. ಕೈ ನಿಲ್ಲಿಸದೆ ಹೇಳಿದರು: "ಪರವಾಯಿಲ್ಲೆ ಸಾರ್. ನೀವು ನೋಡ್ಬೇಕಾದ್ದನ್ನ ನಾನು ನೋಡ್ದೆ. ನಾ ಮಾಡಿದ ತೆಪ್ಪು ಅದೊಂದೇ ಅಲ್ವ?"

ಅಳೆಯುವ ಕೆಲಸದಲ್ಲಿರುವವನು ಹೆದರಿದರೆ ಅವನ ಅಂಕಿಗಳೇ ಸುಳ್ಳುಸಾಕ್ಷಿ ಹೇಳುತ್ತವೆ. ನನ್ನ ಪುಸ್ತಕದ ಅರುವತ್ತು ಒಬ್ಬರ ಅನ್ನ ಕಿತ್ತುಕೊಂಡಿತು.